ನೀಲಿ ಚುಕ್ಕೆಯೂ ಕವಳಿ ಪೊದೆಯ ಕಲ್ಲೂ

ನಿನ್ನೆ ಮುಳಶಿ ತಾಲ್ಲೂಕಿನ ಒಂದು ಊರಿನಲ್ಲಿ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಪುಣೆಯ ಕನ್ನಡ ಬಳಗದ ಕಿರಿಯ ಮಿತ್ರರೊಬ್ಬರು ಪೌಡದ ಆಚೆ ಎಕರೆಯೊಂದರಷ್ಟು ಭೂಮಿ ಕೊಂಡಿದ್ದಾರೆ. (ಮಹಾರಾಷ್ಟ್ರದಲ್ಲಿ ರೈತನಲ್ಲದವನು ಕೃಷಿಭೂಮಿ ಕೊಳ್ಳುವುದು ಸುಲಭವಲ್ಲ, ದಾವಣಗೆರೆ ಕಡೆಯ ಹಿರಿಯರ ಪಹಣಿಯನ್ನು ಹುಡುಕಿ ತಂದು ತಾವು ರೈತರೆಂದು ತೋರಿಸಿಕೊಳ್ಳಲು ಪಟ್ಟ ಪಾಡನ್ನು ಅವರೇ ಒಮ್ಮೆ ಬರೆಯಲಿ.) ಬೇಲಿ ಹಾಕಿಸುವ ದಿನ "ಅಕ್ಕಾ, ನೀವೂ ಬನ್ನಿ, ನಿಮ್ಮ ತಂದೆಯವರು ಇದೇ ಕೆಲಸದಲ್ಲಿದ್ದರಲ್ಲವೇ" ಎಂದು ಕರೆದರು. ಮೋಜಣಿದಾರನ (ಭೂಮಿ ಅಳೆಯುವವನ) ಮಗಳು ಎಂಬ ನನ್ನ ಬಿರುದು ನಿಮಗೆಲ್ಲ ಗೊತ್ತೇ ಇದೆ. ಪುಣೆಯ ಕೋಥರೂಡಿಗೆ ಬಂದು ಮೂವತ್ತು ವರ್ಷವಾದರೂ ಅದು ನನ್ನ ಬೆನ್ನು ಬಿಟ್ಟಿಲ್ಲ.

ನಾನು ಹೋಗುವಷ್ಟರಲ್ಲಿ ಸಿಮೆಂಟಿನ ಕಂಬಗಳು ಬಂದು ಬಿದ್ದಿದ್ದವು. ಮಿತ್ರರು ಮೊಬೈಲನ್ನು ಆರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು, ಪರದೆಯ ಮೇಲಿನ ನೀಲಿ ಚುಕ್ಕೆಯನ್ನು ನಕ್ಷೆಯ ಗೆರೆಯ ಮೇಲೆ ಕೂರಿಸುವ ಹಟದಿಂದ ಎಡಕ್ಕೆರಡು, ಬಲಕ್ಕೊಂದು ಹೆಜ್ಜೆ ಹಾಕುತ್ತಿದ್ದರು. ಅವರು "ಇಲ್ಲಿ" ಎಂದಲ್ಲೆಲ್ಲ ಕೂಲಿಯವನು ಸುಣ್ಣದ ಪುಡಿ ಸುರಿಯುತ್ತಿದ್ದನು. ಆ ಬಿಳಿಯ ಗೆರೆ ಪಕ್ಕದವರ ಬದುವನ್ನು ದಾಟಿ, ಅದೇ ವಾರ ಕೊಯ್ಲು ಮುಗಿದಿದ್ದ ಭತ್ತದ ಗದ್ದೆಯ ಕೂಳೆಗಳ ಮೇಲೆ ನಿಶ್ಚಿಂತೆಯಿಂದ ಸಾಗಿತ್ತು. ಬದುವಿನ ಮೇಲೆ ಕುಳಿತು ತಂಬಾಕು ತಿಕ್ಕುತ್ತಿದ್ದ ಆ ಗದ್ದೆಯ ಮುದುಕರು ಒಂದು ಮಾತೂ ಆಡಲಿಲ್ಲ. ಗೆರೆ ಪೂರ್ತಿಯಾದ ಮೇಲೆ ನಿಧಾನವಾಗಿ ಎದ್ದು ಬಂದು, ಕೊಯತಾದಿಂದ (ಕುಡುಗೋಲಿನಿಂದ) ಒಂದು ಕವಳಿ ಪೊದೆಯನ್ನು ಪಕ್ಕಕ್ಕೆ ಒತ್ತಿ ಹಿಡಿದು, ಮಿತ್ರರನ್ನು ಬಿಟ್ಟು ನನ್ನ ಮುಖ ನೋಡಿ "ತಾಈ, ದಗಡ್ ಹಿಥ ಆಹೇ" (ಅಕ್ಕಾ, ಕಲ್ಲು ಇಲ್ಲಿದೆ) ಎಂದರು. ಹೊಲದ ಗಡಿ ತೋರಿಸುವ ಬಾಂದುಕಲ್ಲು ಅಲ್ಲಿತ್ತು. ಮಣ್ಣಿನ ಮೇಲೆ ಗೇಣುದ್ದವೂ ಕಾಣದ ಕರಿಕಲ್ಲು, ತಲೆಯ ಮೇಲೆ ಉಳಿಯಿಂದ ಕೆತ್ತಿದ ಗುರುತು, ಗುರುತಿನ ಸಂದಿನಲ್ಲಿ ಹಾವಸೆ. ಸುಣ್ಣದ ಗೆರೆಯಿಂದ ಒಂಬತ್ತು ಹೆಜ್ಜೆ ಈಚೆಗೆ!

"ಆ್ಯಪ್ ಅಪ್‌ಡೇಟ್ ಆಗಿರಲಿಲ್ಲ ಅನಿಸುತ್ತದೆ, ಅಕ್ಕಾ" ಎಂದರು ಮಿತ್ರರು.

ನನ್ನ ಸಿಟ್ಟು ಆ್ಯಪಿನ ಮೇಲಲ್ಲ. ಜಮೀನು ಯಾವ ದಿಕ್ಕಿನಲ್ಲಿದೆ, ಯಾವ ಹಾದಿಯಿಂದ ಹೋಗಬೇಕು ಎಂಬುದಕ್ಕೆ ಅದು ಬೇಕು. ಲಕ್ಷಗಟ್ಟಲೆ ಹಣ ಸುರಿದು ನೆಲ ಕೊಂಡವರು ಆ ನೆಲದ ಕಡೆಗೆ ಒಮ್ಮೆಯೂ ಬಗ್ಗಿ ನೋಡಲಿಲ್ಲವಲ್ಲ ಎಂಬುದು ನನ್ನ ತಕರಾರು. ಬಯಲಿನಲ್ಲಿ, ಆಕಾಶ ನಿಚ್ಚಳವಾಗಿದ್ದಾಗಲೂ, ಸಾಮಾನ್ಯ ಮೊಬೈಲು ತಾನಿರುವ ಜಾಗವನ್ನು ಹೇಳುವಾಗ ಸುಮಾರು ಐದು ಮೀಟರಿನಷ್ಟು ಆಚೀಚೆಯಾಗುತ್ತದೆ. ನೂರು ಮೀಟರ್ ಉದ್ದದ ಒಂದು ಮಗ್ಗುಲಿಗೆ ಐದು ಮೀಟರ್ ತಪ್ಪಿದರೆ 500 ಚದರ ಮೀಟರ್, ಅಂದರೆ ಹೆಚ್ಚುಕಡಿಮೆ ಐದು ಗುಂಟೆ. ನಲವತ್ತು ಗುಂಟೆಯ ಎಕರೆಯಲ್ಲಿ ಎಂಟನೆಯ ಒಂದು ಪಾಲು. ಇದರ ಮೇಲೆ, ಪರದೆಯಲ್ಲಿ ಕಾಣುವ ಗೆರೆಗಳು ಹಳೆಯ ಕಾಗದದ ನಕ್ಷೆಗಳಿಂದ ಎತ್ತಿಕೊಂಡವು. ನಮ್ಮ ಕರ್ನಾಟಕದ ಗ್ರಾಮ ನಕ್ಷೆಗಳ ಪ್ರಮಾಣ 1:7920. ಅಂಥ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ದಪ್ಪದ ಶಾಯಿಯ ಗೆರೆಯೊಂದು ನೆಲದ ಮೇಲೆ ಸುಮಾರು ನಾಲ್ಕು ಮೀಟರಿನಷ್ಟು ಅಗಲವಾಗಿ ಮಲಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದು ನಮ್ಮ ಹಿರಿಯರು ಸ್ವಂತ ಹೊಲದ ಬಗ್ಗೆ ಹೇಳಿದ್ದರು. ಈಗ ಬೇಲಿಗಳು ಮೊಬೈಲು ಹಿಡಿದು ಪಕ್ಕದವರ ಹೊಲಕ್ಕೇ ಮೇಯಲು ಹೋಗುತ್ತಿವೆ.

ಹಾಗಾದರೆ ಕೈಯಲ್ಲಿ ಯಾವ ಕಾಗದ ಇರಬೇಕಿತ್ತು? ಮಿತ್ರರ ಬಳಿ ಇದ್ದದ್ದು ಸಾತಬಾರಾ ಉತಾರಾ, ಅಂದರೆ ಇಲ್ಲಿಯ ಪಹಣಿ, ಮತ್ತು ದಲಾಲಿ ಕೊಟ್ಟ ಬಣ್ಣದ ಪ್ರಿಂಟು. ಸಾತಬಾರಾದಲ್ಲಿ ಜಮೀನು ಎಷ್ಟು ಎಂಬುದಿರುತ್ತದೆಯೇ ಹೊರತು ಅದರ ಮೂಲೆ ಎಲ್ಲಿ ಎಂಬುದಿರುವುದಿಲ್ಲ. ಅದಕ್ಕೆ ಬೇಕಾದದ್ದು ತಾಲ್ಲೂಕಿನ ಭೂಮಿ ಅಭಿಲೇಖ (ಭೂದಾಖಲೆ) ಕಚೇರಿಯಿಂದ ಪಡೆಯುವ ನಕ್ಷೆಯ ನಕಲು ಮತ್ತು ಹಿಂದಿನ ಮೋಜಣಿಯ ಅಳತೆಗಳನ್ನು ಬರೆದಿಟ್ಟ ಹಳೆಯ ಟಿಪ್ಪಣಿ. ಇದರಲ್ಲೂ ಒಂದು ತೊಡಕಿದೆ: 1947ರ ತುಕಡಾಬಂದಿ (ಹೊಲ ತುಂಡಾಗದಂತೆ ತಡೆ) ಮತ್ತು ಏಕತ್ರೀಕರಣದ ಕಾಯಿದೆಯಂತೆ ಹೊಲಗಳನ್ನು ಒಟ್ಟುಗೂಡಿಸಿದ ಊರುಗಳಲ್ಲಿ ಸರ್ವೆ ನಂಬರ್ ಹೋಗಿ, ಒಟ್ಟುಗೂಡಿಸಿದ ಹೊಲದ ಹೊಸ ನಂಬರಾದ ಗಟ್ ನಂಬರ್ ಬಂದಿದೆ, ಹಳೆಯ ಟಿಪ್ಪಣಿಯಾದರೋ ಹಳೆಯ ನಂಬರಿನಲ್ಲೇ ಇರುತ್ತದೆ. ಆದ್ದರಿಂದ ಈ ಗಟ್ ಯಾವ ಸರ್ವೆ ನಂಬರಿನಿಂದ ಹುಟ್ಟಿತು ಎಂಬುದನ್ನು ಮೊದಲು ಕೇಳಿ ತಿಳಿಯಬೇಕು.

ಟಿಪ್ಪಣಿ ಎಂದರೆ ಬ್ರಹ್ಮವಿದ್ಯೆಯಲ್ಲ. ಹೊಲದ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದು ನೇರ ಗೆರೆ, ಆ ಗೆರೆಯ ಮೇಲೆ ಎಷ್ಟು ಸರಪಳಿ ಎಷ್ಟು ಆಣೆ ನಡೆದ ಮೇಲೆ ಎಡಕ್ಕೋ ಬಲಕ್ಕೋ ಲಂಬವಾಗಿ ಹೊರಳಿ, ಎಷ್ಟು ದೂರ ಹೋದರೆ ಮೂಲೆ ಸಿಗುತ್ತದೆ ಎಂಬ ಲೆಕ್ಕ. ಸರಪಳಿ ಎಂದರೆ 33 ಅಡಿ, ಅದಕ್ಕೆ 16 ಆಣೆ, ಒಂದು ಆಣೆಗೆ ಎರಡು ಅಡಿ ಮುಕ್ಕಾಲು ಇಂಚು. ಸರಪಳಿ ಉದ್ದ, ಸರಪಳಿ ಅಗಲದ ನೆಲ ಒಂದು ಗುಂಟೆ. ಈ ಮೋಜಣಿಯ ಪದ್ಧತಿ ಇದೇ ಪುಣೆ ಜಿಲ್ಲೆಯ ಇಂದಾಪುರದಲ್ಲಿ 1830ರ ದಶಕದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳಿಂದ ಆರಂಭವಾಗಿ, ಮುಂದೆ ನಮ್ಮ ಧಾರವಾಡ, ಬೆಳಗಾವಿಗೂ ಬಂದಿತು. ಆದ್ದರಿಂದಲೇ ಅಪ್ಪ ನರಗುಂದದ ಎರೆಹೊಲಗಳಲ್ಲಿ ಎಳೆದ ಸರಪಳಿಗೂ ಮುಳಶಿಯ ಹಳೆಯ ಕಾಗದಕ್ಕೂ ಭಾಷೆ ಒಂದೇ. ಪುಣೆಗೆ ಮದುವೆಯಾಗಿ ಬಂದ ಹೊಸದರಲ್ಲಿ ಮರಾಠಿ ಬಾರದ ನನಗೆ ಇಲ್ಲಿ ಓದಲು ಬರುತ್ತಿದ್ದ ಮೊದಲ ಬರಹ ಅದೇ ಎಂದರೆ ನೀವು ನಗುತ್ತೀರಿ.

ನಿನ್ನೆ ಟಿಪ್ಪಣಿ ಇರಲಿಲ್ಲವಾದ್ದರಿಂದ ಮುದುಕರ ನೆನಪನ್ನೇ ಹಿಡಿದೆವು. ಎರಡನೆಯ ಕಲ್ಲು ನೇರಳೆ ಮರದ ಕೆಳಗಿತ್ತೆಂದು ಅವರು ಹೇಳಿದ ಕಡೆ ಹಾರೆಯನ್ನು ಗೇಣು ಗೇಣಿಗೆ ಊರುತ್ತಾ ಹೋದೆವು. ಮೆತ್ತನೆಯ ಮಣ್ಣಿನಲ್ಲಿ ಹಾರೆ ಸುಮ್ಮನೆ ಇಳಿಯುತ್ತದೆ, ಸಣ್ಣ ಕಲ್ಲಿಗೆ ತಾಗಿದರೆ ಜಾರುತ್ತದೆ, ನೆಟ್ಟ ಕಲ್ಲಿಗೆ ತಾಗಿದರೆ ಕೈಗೆ ಏಟು ಬರುತ್ತದೆ. ಆರನೆಯ ಸಲ ಏಟು ಬಂದಿತು. ಆಮೇಲೆ ಎರಡು ಕಲ್ಲಿನ ನಡುವಿನ ದೂರ ಅಳೆಯಲು ಮಿತ್ರರು ಟೇಪನ್ನು ಇಳಿಜಾರಿನ ಮೇಲೆ ಹಾಸಿಯೇ ಬಿಟ್ಟರು. ನಕ್ಷೆಯಲ್ಲಿರುವುದು ಸಮತಲದ ದೂರ. 20 ಡಿಗ್ರಿ ಇಳಿಜಾರಿನಲ್ಲಿ ಹಾಸಿದ 30 ಮೀಟರ್ ಟೇಪು ನಿಜಕ್ಕೂ 28 ಮೀಟರ್ ಚಿಲ್ಲರೆ ಮಾತ್ರ. ಟೇಪನ್ನು ತುಂಡು ತುಂಡಾಗಿ, ಮಟ್ಟವಾಗಿ ಹಿಡಿದು, ತುದಿಯಿಂದ ತೂಗುಗುಂಡು ಇಳಿಬಿಟ್ಟು ಅಳೆಯಬೇಕು. ಹಾಗೆ ಅಳೆದಾಗ ಪ್ರಿಂಟಿನ ನಕ್ಷೆಗೂ ನೆಲಕ್ಕೂ ಮೂರು ಮೀಟರಿನೊಳಗೆ ಹೊಂದಿತು. ಆ ದಪ್ಪ ಗೆರೆಯ ಯೋಗ್ಯತೆಗೆ ಅದೇ ಹೆಚ್ಚು. ಸಿಕ್ಕ ಒಂದೇ ಕಲ್ಲನ್ನು ನಂಬಿ ಕೂರಬಾರದು. ಅದನ್ನು ಯಾರೋ ಎಂದೋ ಸರಿಸಿರಬಹುದು, ಮೂರನೆಯ, ನಾಲ್ಕನೆಯ ಕಲ್ಲುಗಳ ಜೊತೆ ತಾಳೆ ನೋಡಲೇಬೇಕು.

"ಇದೆಲ್ಲ ನಮಗೇಕೆ, ಶುಲ್ಕ ಕಟ್ಟಿದರೆ ಸರ್ಕಾರಿ ಮೋಜಣಿಯವರು ಬಂದು ತೋರಿಸುತ್ತಾರಲ್ಲ" ಎಂದು ನಿಮ್ಮಲ್ಲಿ ಕೆಲವರು ಕೇಳುವಿರಿ. ಕಟ್ಟಿರಿ, ಕಟ್ಟಲೇಬೇಕು. ಅಕ್ಕಪಕ್ಕದವರಿಗೆ ನೋಟಿಸು ಹೋಗಿ ನಡೆಯುವ ಹದ್ದ ಕಾಯಮ (ಗಡಿ ಗೊತ್ತುಪಡಿಸುವ) ಮೋಜಣಿಗೆ ಇರುವ ಬೆಲೆ ನೀವು ಹಾರೆ ಹಿಡಿದು ಕಂಡುಕೊಂಡದ್ದಕ್ಕೆ ಇಲ್ಲ. ಆದರೆ ಅವರು ಬಂದ ದಿನ ಯಾವ ಮೂಲೆಯಿಂದ ಅಳೆಯಲು ಹೊರಟರು, ಏಕೆ ಹೊರಟರು ಎಂಬುದೇ ತಿಳಿಯದೆ ಕೊಡೆ ಹಿಡಿದು ನಿಂತಿರುವ ಮಾಲೀಕನಿಗೂ ದಾರಿಹೋಕನಿಗೂ ಏನು ವ್ಯತ್ಯಾಸ? ಮೇಲಾಗಿ ಮಹಾರಾಷ್ಟ್ರದ 1966ರ ಭೂಕಂದಾಯ ಸಂಹಿತೆಯು ಗಡಿಗುರುತುಗಳನ್ನು ಕಾಯ್ದುಕೊಳ್ಳುವ ಹೊಣೆಯನ್ನು ಹೊಲದ ಒಡೆಯನ ಮೇಲೆಯೇ ಹೊರಿಸಿದೆ. ಎಲ್ಲಿದೆಯೆಂದೇ ಗೊತ್ತಿಲ್ಲದ್ದನ್ನು ಹೇಗೆ ಕಾಯುವಿರಿ? ಒಂದು ಎಚ್ಚರಿಕೆ ಮಾತ್ರ: ಕಲ್ಲು ಸಿಕ್ಕರೆ ಮಣ್ಣು ಸರಿಸಿ, ಫೋಟೋ ತೆಗೆದು ಬಿಟ್ಟುಬಿಡಬೇಕು. "ಸ್ವಲ್ಪ ನೆಟ್ಟಗೆ ಮಾಡೋಣ" ಎಂದು ಅಲುಗಾಡಿಸಬಾರದು. ಸರ್ಕಾರ ನೆಟ್ಟ ಗುರುತನ್ನು ಕೇಡುಬುದ್ಧಿಯಿಂದ ಸರಿಸಿದರೆ ಒಂದು ವರ್ಷದವರೆಗೆ ಸೆರೆವಾಸದ ಶಿಕ್ಷೆಯಿದೆ.

ಇಷ್ಟೆಲ್ಲ ಒದರಿ, ಸಂಜೆ ಮನೆಗೆ ಬಂದು ಕಾಲು ತೊಳೆಯುವಾಗ ನನ್ನದೇ ಬಂಡವಾಳ ನೆನಪಾಯಿತು. ಎಳ್ಳಮಾವಾಸ್ಯೆಯ ದಿನ ಅಪ್ಪ ಚರಗ ಚೆಲ್ಲುತ್ತಾ ಹೊಲದ ಸುತ್ತ ಬರುವಾಗ ಪ್ರತಿ ಮೂಲೆಯಲ್ಲಿಯೂ ನಿಂತು ಬಾಂದುಕಲ್ಲನ್ನು ಹೆಬ್ಬೆರಳಿನಿಂದ ಮುಟ್ಟಿ ಮುಂದೆ ಹೋಗುತ್ತಿದ್ದರು. ನಾನು ಬಹಳ ಕಾಲ ಅದನ್ನು ಪೂಜೆಯ ಭಾಗವೆಂದೇ ತಿಳಿದಿದ್ದೆ. ಅವರು ವರ್ಷಕ್ಕೊಮ್ಮೆ ತಮ್ಮ ಹೊಲದ ತಪಾಸಣೆ ನಡೆಸುತ್ತಿದ್ದರು. ಅವರು ಹೋಗಿ ಹತ್ತೊಂಬತ್ತು ವರ್ಷವಾಯಿತು, ನಾನು ಒಂದು ಎಳ್ಳಮಾವಾಸ್ಯೆಗೂ ಹೋಗಿಲ್ಲ. ಹೊಲವನ್ನು ಪಾಲಿಗೆ ಮಾಡುವ ಚಿಕ್ಕಪ್ಪನ ಮಗನಿಗೆ ರಾತ್ರಿಯೇ ಫೋನು ಮಾಡಿ, ನಾಲ್ಕೂ ಕಲ್ಲು ಇವೆಯೇನಪ್ಪಾ ಎಂದು ಕೇಳಿದೆ. "ಮೂರು ಅದಾವು ಅಕ್ಕಾ. ಹಳ್ಳದ ಕಡೀದು ನಾ ನೋಡಿಲ್ಲ" ಎಂದನು.

ಎಳ್ಳಮಾವಾಸ್ಯೆಗೆ ಹುಬ್ಬಳ್ಳಿಗೆ ಟಿಕೆಟು ತೆಗೆಸಿದ್ದೇನೆ. ಟೇಪು ನಾನು ಒಯ್ಯುತ್ತೇನೆ, ಹಾರೆ ಅವನ ಬಳಿ ಇದೆಯಂತೆ.