ಬೀಗರೂಟದ ಪಂಕ್ತಿಯಲ್ಲಿ 495

2025ರ ಜೂನ್ 14, ಶನಿವಾರ ಮಗಳ ನೀಟ್ ರಿಸಲ್ಟ್ ಬಂತು, ಮೆಡಿಕಲ್ ಸೀಟಿಗೆ ಬರೆಯೋ ಪರೀಕ್ಷೆ ಅದು. ಭಾನುವಾರ ಮದ್ದೂರು ಕಡೆ ನೆಂಟರ ಬೀಗರೂಟ. ಎಲೆಗೆ ಮುದ್ದೆ ಬೀಳುವ ಮುಂಚೆಯೇ ಚಿಕ್ಕಮ್ಮ ಕೇಳಿದರು, "ಎಷ್ಟವ್ವ ಬಂತು?" ಮಗಳು 495 ಅಂದಳು. "ಅಯ್ಯೋ, ಹೋದ್ಸಲ ನಮ್ಮ ಹುಡುಗಂಗೆ 590 ಕಣವ್ವ, ಅವನಿಗೇ ಗೌರ್ಮೆಂಟ್ ಸೀಟು ಸಿಗ್ಲಿಲ್ಲ." ಪಂಕ್ತಿಯ ಕಣ್ಣೆಲ್ಲ ಅವಳ ಮೇಲೆ. ನಾಟಿಕೋಳಿ ಸಾರಿನ ಮುಂದೆ ನಮ್ಮವಳು ತಲೆ ತಗ್ಗಿಸಿ ಕೂತಿದ್ದು ಅದೇ ಮೊದಲು.

ಚಿಕ್ಕಮ್ಮ ಹೇಳಿದ್ದು ಸುಳ್ಳಲ್ಲ. ಆದರೆ 2024ರಲ್ಲಿ ಅಂಕಗಳ ನೆರೆ ಬಂದಿತ್ತು. ಮೊದಲ ಪಟ್ಟಿಯಲ್ಲಿ 67 ಮಂದಿಗೆ 720ಕ್ಕೆ 720. ಆ ವರ್ಷ 600 ತೆಗೆದವರ ರ್‍ಯಾಂಕೇ ಎಪ್ಪತ್ತು ಸಾವಿರ ದಾಟಿತ್ತು. ಮರುವರ್ಷ ಫಿಸಿಕ್ಸ್ ಪೇಪರ್ ಮಕ್ಕಳನ್ನು ಹಿಂಡಿಹಾಕಿತು, ದೇಶಕ್ಕೇ ಮೊದಲು ಬಂದ ಹುಡುಗನಿಗೆ 686. ಇಪ್ಪತ್ತೆರಡು ಲಕ್ಷ ಮಕ್ಕಳಲ್ಲಿ 600 ದಾಟಿದವರು ಒಂದೂವರೆ ಸಾವಿರವೂ ಇಲ್ಲ. ರ್‍ಯಾಂಕ್ ಇಟ್ಟು ನೋಡಿದರೆ ಆ 590ಕ್ಕಿಂತ ನಮ್ಮ 495 ಮುಂದಿತ್ತು. ಇದನ್ನು ಊಟದ ಮಧ್ಯೆ ಯಾರಿಗೆ ಬಿಡಿಸಿ ಹೇಳೋದು?

ಮಾರ್ಕ್ಸ್ ಹೇಳ್ಕೋಬಾರದು ಅಂತ ನಾನು ಹೇಳ್ತಿಲ್ಲ. ನಮ್ಮ ಜನ ಅರ್ಧ ಮಾತ್ರ ಹೇಳ್ತಾರೆ ಅನ್ನೋದು ನನ್ನ ತಕರಾರು. ಅಂಕ ಮೈಕಿನಲ್ಲಿ ಕೂಗ್ತಾರೆ, ಮೀಸಲಾತಿ ಕೆಟಗರಿ ನುಂಗ್ತಾರೆ. 2ಎ, 3ಎ, ಗ್ರಾಮೀಣ, ಕನ್ನಡ ಮಾಧ್ಯಮ, ಯಾವುದರಲ್ಲಿ ಸೀಟು ಬಂತು ಅಂತ ಕೇಳಿ ನೋಡಿ, ಮಾತು ಮಳೆಗೆ ಹೋಗುತ್ತೆ, ಕೆಆರ್‌ಎಸ್ ಎಷ್ಟು ಅಡಿ ತುಂಬಿದೆ ಅನ್ನೋದಕ್ಕೆ ಹೋಗುತ್ತೆ. ಅದೇನು ಕದ್ದ ಮಾಲೇ? ಸೀಟು ಹಂಚೋ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕಟಾಫ್ ಪಟ್ಟಿಯಲ್ಲಿ 3ಎಜಿ (ಸಾಮಾನ್ಯ), 3ಎಕೆ (ಕನ್ನಡ ಮಾಧ್ಯಮ), 3ಎಆರ್ (ಗ್ರಾಮೀಣ) ಅಂತ ಬೇರೆ ಬೇರೆ ಕಾಲಂ ಇರೋದೇ ಅದಕ್ಕೆ. ಗ್ರಾಮೀಣ ಕೋಟಾ ಬೇಕಾದರೆ ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದಕ್ಕೆ ಬಿಇಒ ಸಹಿ ಹಾಕಿಸಬೇಕು ಅನ್ನೋದು ಗೊತ್ತಿಲ್ಲದೆ ಒದ್ದಾಡೋ ಅಪ್ಪಂದಿರು ನಮ್ಮ ತಾಲ್ಲೂಕಿನಲ್ಲಿ ಈಗಲೂ ಇದ್ದಾರೆ. ಅವರಿಗೆ ನಿಮ್ಮ ಮಗನ 590ರಿಂದ ಆಗಬೇಕಾದ್ದು ಏನೂ ಇಲ್ಲ.

ನಮ್ಮನ್ನು ದಡ ಹತ್ತಿಸಿದ್ದು ಮೈಸೂರು ಮೆಡಿಕಲ್ ಕಾಲೇಜಿನ ಒಬ್ಬಳು ಸೀನಿಯರ್. ಗುರುತಿನವಳೂ ಅಲ್ಲ, ಯಾರದೋ ಸ್ನೇಹಿತೆ. ನೋಟ್‌ಬುಕ್ ಹಾಳೆಯಲ್ಲಿ ತನ್ನ ರ್‍ಯಾಂಕ್, ಕೆಟಗರಿ, ಸೀಟು ಹಂಚಿಕೆಯ ಮೊದಲ ರೌಂಡಲ್ಲಿ ಬಂದಿದ್ದು, ಎರಡನೇ ರೌಂಡಲ್ಲಿ ಬದಲಾಗಿದ್ದು, ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಸಾಲಾಗಿ ತುಂಬೋವಾಗ, ಯಾವ ಕಾಲೇಜಿನ ಮೇಲೆ ಯಾವುದನ್ನಿಟ್ಟೆ ಅನ್ನೋದು, ಎಲ್ಲ ಬರೆದು ಫೋಟೋ ಕಳಿಸಿದ್ದಳು. ಮಂಡ್ಯದ ಮೆಡಿಕಲ್ ಕಾಲೇಜು ಮಿಮ್ಸ್ ಮನೆಗೆ ಹತ್ತಿರ ಅಂತ ನಾವು ಅದನ್ನೇ ಮೊದಲು ಹಾಕಲು ಹೊರಟಿದ್ದೆವು. ಆಸೆಯಿರೋ ಕಾಲೇಜು ಮೇಲಿರಲಿ, ಸಿಗೋದು ಕೆಳಗಿರಲಿ, ಮೇಲಿನದು ಸಿಗದಿದ್ದರೆ ಕೆಳಗಿನದೇನೂ ಕೈತಪ್ಪಲ್ಲ ಅಂತ ತಿಳಿದಿದ್ದು ಆ ಹಾಳೆಯಿಂದ. ಇಷ್ಟು ಹೇಳೋಕೆ ದುಡ್ಡು ಕೇಳೋ ಕೌನ್ಸೆಲಿಂಗ್ ಏಜೆಂಟರು ಅಷ್ಟರಲ್ಲಿ ನನಗೆ ದಿನಕ್ಕೆ ನಾಲ್ಕು ಸಲ ಫೋನ್ ಮಾಡ್ತಿದ್ದರು.

ನನ್ನ ತಪ್ಪೂ ಒಂದಿದೆ. ಎಸೆಸೆಲ್ಸಿಯಲ್ಲಿ ಅವಳಿಗೆ 625ಕ್ಕೆ 611 ಬಂದಾಗ ಮಾರ್ಕ್ಸ್ ಕಾರ್ಡನ್ನೇ ಸ್ಟೇಟಸ್‌ಗೆ ಹಾಕಿ, ಎಲ್ಲರಿಗೂ ಹಂಚಿ ಬೀಗಿದ್ದೆ. ರಿಜಿಸ್ಟರ್ ನಂಬರ್, ಹುಟ್ಟಿದ ತಾರೀಕು ಎಲ್ಲ ಊರಿಗೇ ಕಾಣುವ ಹಾಗೆ. ನೀಟ್ ಸ್ಕೋರ್‌ಕಾರ್ಡನ್ನೂ ಹಾಗೇ ಹಾಕಲು ಹೊರಟಾಗ ಮಗಳು ಫೋನ್ ಕಿತ್ಕೊಂಡಳು. "ಅಪ್ಲಿಕೇಶನ್ ನಂಬರ್ ಯಾರಿಗಪ್ಪಾ ಬೇಕು? ಏಜೆಂಟ್‌ಗಾ?"

ಈಗ ಅವಳೇ ತನ್ನ ಪಿಯು ಕಾಲೇಜಿನ ಜೂನಿಯರ್‌ಗಳಿಗೆ ಅಂಥದ್ದೇ ಹಾಳೆ ಬರೆದು ಕಳಿಸ್ತಾಳೆ. ಮೊನ್ನೆ ಒಂದು ಪ್ರತಿ ಚಿಕ್ಕಮ್ಮನ ಮನೆಗೂ ಹೋಯಿತು, ಅವರ ಕಿರಿಯವನು ಈಗ ಪಿಯುನಲ್ಲಿದ್ದಾನೆ. ಹಾಳೆ ಓದಿಸಿಕೊಂಡ ಚಿಕ್ಕಮ್ಮ ಫೋನ್ ಮಾಡಿದ್ದರು. "ಎಲ್ಲಾ ಸರಿ ಕಣಪ್ಪ, ಮಾರ್ಕ್ಸೇ ಬರ್ದಿಲ್ವಲ್ಲ ನಿನ್ ಮಗಳು?"