ಕೆಲಸ ಮಾಡದ ಆ್ಯಂಟಿಬಾಡಿಯ ಸುದ್ದಿ ಎಲ್ಲರಿಗೂ ಸಿಗಬೇಕು

ಕ್ಯಾನ್ಸರ್ ಸಂಶೋಧನೆಗೆ ದುಡ್ಡು ಸಾಲದು ಅಂತ ಎಲ್ಲರೂ ಹೇಳುತ್ತಾರೆ. ನಿಜ, ಸಾಲದು. ಆದರೆ ಬಂದ ದುಡ್ಡಿನಲ್ಲೂ ಒಂದಿಷ್ಟು ಪಾಲು ಸುಮ್ನೆ ಹಾಳಾಗುತ್ತಿದೆ. ಈ ಮಾತು ಲ್ಯಾಬಿನ ಬಾಗಿಲು ದಾಟಿ ಆಚೆ ಬರುವುದೇ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಆ್ಯಂಟಿಬಾಡಿ ಅನ್ನೋ ಪದ ಕೋವಿಡ್ ಕಾಲದಲ್ಲಿ ಎಲ್ಲರ ಬಾಯಿಗೂ ಬಂತು. ಒಂದು ಪ್ರೊಟೀನನ್ನು ಗುರುತು ಹಿಡಿದು ಅದಕ್ಕೆ ಅಂಟಿಕೊಳ್ಳೋದು ಅದರ ಗುಣ. ಗಡ್ಡೆಯ ತುಣುಕಿನಲ್ಲಿ ಯಾವ ಪ್ರೊಟೀನ್ ಇದೆ ಅಂತ ಕಂಡುಹಿಡಿಯಲು ಲ್ಯಾಬಿನಲ್ಲಿ ಈ ಗುಣವನ್ನೇ ಬಳಸುತ್ತೇವೆ. ಸ್ತನ ಕ್ಯಾನ್ಸರ್ ರಿಪೋರ್ಟಿನಲ್ಲಿ ‘ಇಆರ್ ಪಾಸಿಟಿವ್’, ‘ಹರ್2 ನೆಗೆಟಿವ್’ ಅಂತ ಇರುತ್ತಲ್ವಾ, ಆ ಇಆರ್, ಹರ್2 ಎರಡೂ ಪ್ರೊಟೀನುಗಳು, ಅವನ್ನೂ ಆ್ಯಂಟಿಬಾಡಿ ಹಾಕಿ, ಬಣ್ಣ ಬರಿಸಿ ನೋಡಿದ್ದೇ. ಅಂಥ ರೋಗಪತ್ತೆಯ ಆ್ಯಂಟಿಬಾಡಿಗಳಿಗೆ ಬೇರೆಯೇ ಕಟ್ಟುನಿಟ್ಟಿನ ಪರೀಕ್ಷೆ ಇದೆ, ಇದನ್ನು ಓದಿ ಯಾರೂ ಗಾಬರಿಯಾಗಬೇಡಿ. ನಾನು ಹೇಳುತ್ತಿರುವುದು ‘ಸಂಶೋಧನೆಗೆ ಮಾತ್ರ’ ಅಂತ ಮಾರುವ ಆ್ಯಂಟಿಬಾಡಿಗಳ ಬಗ್ಗೆ. 100 ಮೈಕ್ರೋಲೀಟರ್, ಅಂದರೆ ಎರಡು ಹನಿ. ನಮ್ಮಲ್ಲಿ 30–40 ಸಾವಿರ ರೂಪಾಯಿ ಬೆಲೆ ಸಾಮಾನ್ಯ. ಅಷ್ಟು ಕೊಟ್ಟು ತಂದದ್ದು ನಮಗೆ ಬೇಕಾದ ಪ್ರೊಟೀನಿಗೇ ಅಂಟುತ್ತೆ ಅನ್ನೋ ಖಾತ್ರಿ ಎಷ್ಟೋ ಸಲ ಇರುವುದಿಲ್ಲ. ಮದುವೆಮನೆಯಲ್ಲಿ ‘ಮಂಜು’ ಅಂತ ಕೂಗಿದರೆ ನಾಲ್ಕು ಜನ ತಿರುಗಿ ನೋಡಿದ ಹಾಗೆ, ಒಂದು ಆ್ಯಂಟಿಬಾಡಿಗೆ ನಾಲ್ಕು ಪ್ರೊಟೀನ್ ಓಗೊಡುತ್ತವೆ.

ಇದರಿಂದ ಏನಾಗುತ್ತೆ ಅನ್ನೋದಕ್ಕೆ ಟೊರಾಂಟೊದ ಉದಾಹರಣೆ ಸಾಕು. ಮೌಂಟ್ ಸಿನಾಯ್ ಆಸ್ಪತ್ರೆಯ ಡಯಾಮಂಡಿಸ್ ಅವರ ತಂಡ ಮೇದೋಜೀರಕದ ಕ್ಯಾನ್ಸರನ್ನು ರಕ್ತದಲ್ಲೇ ಬೇಗ ಪತ್ತೆ ಮಾಡುವ ದಾರಿ ಹುಡುಕುತ್ತಿತ್ತು. ಸಿಯುಜೆಡ್‌ಡಿ1 ಅನ್ನೋ ಪ್ರೊಟೀನ್ ಅಳೆಯಲು ಮಾರುಕಟ್ಟೆಯ ಕಿಟ್ ತರಿಸಿಕೊಂಡರು. ಎರಡು ವರ್ಷ, ಸುಮಾರು 5 ಲಕ್ಷ ಡಾಲರ್ ಖರ್ಚು. ಕೊನೆಗೆ ನೋಡಿದರೆ ಕಿಟ್‌ನೊಳಗಿನ ಆ್ಯಂಟಿಬಾಡಿ ಹಿಡಿಯುತ್ತಿದ್ದದ್ದು ಸಿಎ125 ಅನ್ನೋ ಬೇರೆಯೇ ಪ್ರೊಟೀನನ್ನು. ಅವರು ಇದನ್ನು ಮುಚ್ಚಿಡಲಿಲ್ಲ, 2014ರಲ್ಲಿ ಪ್ರಕಟಿಸಿ ಎಲ್ಲರನ್ನೂ ಎಚ್ಚರಿಸಿದರು. ಅವರ ಬಗ್ಗೆ ನನಗೆ ಬಹಳ ಗೌರವ.

ಸ್ತನ ಕ್ಯಾನ್ಸರಿನ ಕಥೆ ಇನ್ನೂ ಬೇಸರದ್ದು. ಈಸ್ಟ್ರೋಜನ್ ರಿಸೆಪ್ಟರ್ ಬೀಟಾ ಅನ್ನೋ ಪ್ರೊಟೀನ್ ಪತ್ತೆಯಾದದ್ದು 1996ರಲ್ಲಿ. ಸ್ತನದ ಗಡ್ಡೆಯಲ್ಲಿ ಅದು ಇದೆ ಅಂತ ಎಷ್ಟೋ ಪ್ರಬಂಧಗಳು ಬಂದವು. 2017ರಲ್ಲಿ ಸ್ವೀಡನ್ನಿನವರು ಅದಕ್ಕೆ ಬಳಸುವ 13 ಆ್ಯಂಟಿಬಾಡಿಗಳನ್ನು ಕೂರಿಸಿಕೊಂಡು ಒಂದೊಂದಾಗಿ ಪರೀಕ್ಷಿಸಿದರು. ನಂಬಬಹುದಾದದ್ದು ಒಂದೇ ಒಂದು. ಆ ಒಂದನ್ನು ಹಾಕಿ ನೋಡಿದರೆ ಸ್ತನದಲ್ಲಾಗಲಿ, ಸ್ತನದ ಗಡ್ಡೆಯಲ್ಲಾಗಲಿ ಆ ಪ್ರೊಟೀನ್ ಇದ್ದ ಸುಳಿವೇ ಇಲ್ಲ! ಎರಡು ದಶಕ. ಅಷ್ಟು ವರ್ಷ ಎಷ್ಟು ಹೆಂಗಸರು ನಂಬಿಕೆಯಿಂದ ತಮ್ಮ ಗಡ್ಡೆಯ ತುಣುಕನ್ನು ಸಂಶೋಧನೆಗೆ ಕೊಟ್ಟಿರಬೇಕು ಯೋಚಿಸಿ.

ಹಾಗಾದರೆ ಆ್ಯಂಟಿಬಾಡಿ ಸರಿಯಿದೆಯೇ ಅಂತ ನೋಡೋದು ಹೇಗೆ? ಅತ್ಯಂತ ನೇರ ದಾರಿ ನಾಕೌಟ್ ಜೀವಕೋಶ. ಒಂದೇ ಬಗೆಯ ಕೋಶಗಳನ್ನು ತಗೊಂಡು, ಒಂದು ಗುಂಪಿನಲ್ಲಿ ಆ ಪ್ರೊಟೀನಿನ ಜೀನನ್ನೇ ಕೆಡಿಸಿಬಿಡುತ್ತಾರೆ. ಎರಡರ ಪ್ರೊಟೀನನ್ನೂ ಜೆಲ್ಲಿನಲ್ಲಿ ಅಕ್ಕಪಕ್ಕ ಓಡಿಸಿ ವೆಸ್ಟರ್ನ್ ಬ್ಲಾಟ್ ಮಾಡುತ್ತಾರೆ, ಅಂದರೆ ಆ್ಯಂಟಿಬಾಡಿ ಹಾಕಿ ಅದು ಅಂಟಿದ ಕಡೆ ಗೆರೆ ಮೂಡಿಸಿ ನೋಡುತ್ತಾರೆ. ಜೀನ್ ಸರಿಯಿರುವ ಕಡೆ ಕಪ್ಪು ಗೆರೆ ಬಂದು, ಕೆಡಿಸಿದ ಕಡೆ ಖಾಲಿ ಇದ್ದರೆ ಆ್ಯಂಟಿಬಾಡಿ ಸಾಚಾ. ಎರಡೂ ಕಡೆ ಒಂದೇ ಥರ ಗೆರೆ ಬಂದರೆ, ಅದು ಇಷ್ಟು ದಿನ ಇನ್ಯಾವುದನ್ನೋ ತೋರಿಸುತ್ತಿತ್ತು ಅಂತ ಅರ್ಥ. ನೋಡಲು ಇಷ್ಟು ಸುಲಭ. ಆದರೆ ಪ್ರತಿ ಪ್ರೊಟೀನಿಗೂ ನಾಕೌಟ್ ಕೋಶ ಮಾಡಿಕೊಳ್ಳೋದು ಸಣ್ಣ ಲ್ಯಾಬಿನ ಕೈಲಾಗುವ ಕೆಲಸವಲ್ಲ.

ಎಲ್ಲರ ಪರವಾಗಿ ಪರೀಕ್ಷಿಸಿ ಫಲಿತಾಂಶ ಹಂಚಿಕೊಳ್ಳುವ ಲ್ಯಾಬು ಬೇಕಾಗೋದು ಇಲ್ಲೇ. ಕೆನಡಾದ ವೈಕ್ಯಾರೋಸ್ ತಂಡ 65 ಪ್ರೊಟೀನುಗಳಿಗೆ ಮಾರುವ 614 ಆ್ಯಂಟಿಬಾಡಿಗಳನ್ನು ಹೀಗೆ ಒಂದೇ ಅಳತೆಗೋಲಿನಲ್ಲಿ ಪರೀಕ್ಷಿಸಿತು. ಅರ್ಧಕ್ಕಿಂತ ಜಾಸ್ತಿ ಒಂದಲ್ಲ ಒಂದು ಪರೀಕ್ಷೆಯಲ್ಲಿ ಸೋತವು. ಫಲಿತಾಂಶವನ್ನೆಲ್ಲ ಯಾರು ಬೇಕಾದರೂ ನೋಡುವ ಹಾಗೆ ಹೊರಗಿಟ್ಟರು. ಕಂಪನಿಗಳೂ ಜೊತೆಗಿದ್ದವು ಅನ್ನೋದು ನನಗೆ ಬಹಳ ಹಿಡಿಸಿದ ಸಂಗತಿ. ಸೋತವುಗಳಲ್ಲಿ ಸುಮಾರು 20% ಮಾರುಕಟ್ಟೆಯಿಂದ ವಾಪಸಾದವು, ಸುಮಾರು 40%ಕ್ಕೆ ಬಳಕೆಯ ಸೂಚನೆ ಬದಲಾಯಿತು. ಫಲಿತಾಂಶ ಎಲ್ಲರ ಕಣ್ಣಿಗೂ ಬಿದ್ದದ್ದರಿಂದ ಆದ ಕೆಲಸ ಇದು.

ಹಂಚಿಕೊಳ್ಳೋದು ಈ ಕ್ಷೇತ್ರಕ್ಕೆ ಹೊಸದೂ ಅಲ್ಲ. 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಆ್ಯಂಟಿಬಾಡಿಯನ್ನು ಬೇಕಾದಷ್ಟು ತಯಾರಿಸುವ ಹೈಬ್ರಿಡೋಮಾ ವಿಧಾನ ಕಂಡುಹಿಡಿದರು. ಅದಕ್ಕೆ ಪೇಟೆಂಟ್ ಆಗಲಿಲ್ಲ, ಕೇಳಿದವರಿಗೆ ಆ್ಯಂಟಿಬಾಡಿ ತಯಾರಿಸುವ ಆ ಕೋಶಗಳನ್ನೇ ಕಳಿಸಿಕೊಟ್ಟರು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಶುರುವಾದ ಒಂದು ಹೈಬ್ರಿಡೋಮಾ ಬ್ಯಾಂಕ್ ಇದೆ. ವಿಜ್ಞಾನಿಗಳು ತಮ್ಮ ಕೋಶಗಳನ್ನು ಅಲ್ಲಿ ಇಡುತ್ತಾರೆ, ಬೇಕಾದವರು ಲಾಭವಿಲ್ಲದ ಬೆಲೆಗೆ ಆ್ಯಂಟಿಬಾಡಿ ತರಿಸಿಕೊಳ್ಳುತ್ತಾರೆ. ಅಲ್ಲಿನ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ತಾನು ಮಾಡಿಸಿದ ಆ್ಯಂಟಿಬಾಡಿಗಳನ್ನು ಇದೇ ಬ್ಯಾಂಕಿಗೆ ಕೊಟ್ಟಿದೆ, ಪರೀಕ್ಷೆಯ ವಿವರಗಳನ್ನು ತೆರೆದಿಟ್ಟಿದೆ.

ನಮ್ಮಲ್ಲೂ ಇದಕ್ಕೆ ನೆಲ ಹದವಾಗಿದೆ. ಮನುಷ್ಯನ ಪ್ರೊಟೀನುಗಳ ಕರಡು ನಕ್ಷೆ 2014ರಲ್ಲಿ ಬಂತಲ್ಲ, 17,294 ಜೀನುಗಳ ಪ್ರೊಟೀನ್ ಗುರುತಿಸಿದ್ದು, ಅದರ ದೊಡ್ಡ ಪಾಲು ಕೆಲಸ ಆದದ್ದು ಬೆಂಗಳೂರಿನ ವೈಟ್‌ಫೀಲ್ಡ್‌ನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್‌ನಲ್ಲಿ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೊತೆ ಸೇರಿ. ಆ ಮಾಹಿತಿ ಉಚಿತವಾಗಿ ಎಲ್ಲರಿಗೂ ಸಿಕ್ಕಿತು. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಸಿ-ಕ್ಯಾಂಪ್ ಅನ್ನೋ ಸಂಶೋಧನಾ ಸೌಲಭ್ಯ ಕೇಂದ್ರದಲ್ಲಿ ಶುಲ್ಕ ಕಟ್ಟಿದರೆ ಹೊರಗಿನವರೂ ದೊಡ್ಡ ಯಂತ್ರಗಳಲ್ಲಿ ಕೆಲಸ ಮಾಡಿಸಿಕೊಳ್ಳಬಹುದು. ಜೀವಕೋಶ ಬೇಕೆಂದರೆ ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ (ಎನ್‌ಸಿಸಿಎಸ್) ಇದೆ.

ಆದರೆ ಆ್ಯಂಟಿಬಾಡಿ ವಿಷಯ ಬಂದಾಗ ನಾನು ಕಂಡ ಲ್ಯಾಬುಗಳಲ್ಲಿ ಇಂದಿಗೂ ನಡೆಯೋದು ಬಾಯಿಮಾತಿನ ವ್ಯವಹಾರ. ಫ್ರೀಜರಿನ ಕೆಳಗಿನ ಖಾನೆಯಲ್ಲಿ ಒಂದು ಡಬ್ಬಿ ಇರುತ್ತೆ, ಮುಚ್ಚಳದ ಮೇಲೆ ಮಾರ್ಕರಿನಲ್ಲಿ ‘ಬರಲ್ಲ’ ಅಂತ ಬರೆದದ್ದು. ಒಳಗೆ ಕೈಕೊಟ್ಟ ಟ್ಯೂಬುಗಳು. ದುಬಾರಿಯಾದ್ದರಿಂದ ಎಸೆಯಲು ಮನಸ್ಸಿಲ್ಲ, ಎಲ್ಲೂ ದಾಖಲಿಸಿಯೂ ಇಲ್ಲ. ‘ಆ ಕಂಪನಿದು ತರಿಸಬೇಡಮ್ಮ, ನಮ್ಮಲ್ಲಿ ಗೆರೆನೇ ಬರಲಿಲ್ಲ’ ಅಂತ ಚಹಾ ಹೊತ್ತಿಗೆ ಹಿರಿಯ ಟೆಕ್ನಿಷಿಯನ್ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೆಂಗಳೂರಿನ ದೊಡ್ಡ ಸಂಸ್ಥೆಯಲ್ಲಿದ್ದರೆ ಹೇಳೋರು ಸಿಗುತ್ತಾರೆ. ಕಲಬುರಗಿಯಲ್ಲೋ ಶಂಕರಘಟ್ಟದಲ್ಲೋ ಪಿಎಚ್‌ಡಿ ಮಾಡುವ ಹುಡುಗಿಗೆ ಯಾರು ಹೇಳಬೇಕು? ವರ್ಷದ ಅನುದಾನದಲ್ಲಿ ಅವಳು ಕೊಳ್ಳಬಹುದಾದದ್ದೇ ಎರಡೋ ಮೂರೋ ಟ್ಯೂಬು. ಅವಳಿಗಾಗುವ ನಷ್ಟವೇ ದೊಡ್ಡದು.

ಅದಕ್ಕೇ ನನ್ನ ಒತ್ತಾಯ. ಸರ್ಕಾರದ ದುಡ್ಡಿನಲ್ಲಿ ಕೊಂಡ ಪ್ರತಿ ಆ್ಯಂಟಿಬಾಡಿಯ ಫಲಿತಾಂಶವೂ ಸಾರ್ವಜನಿಕರದ್ದು. ಅನುದಾನ ಕೊಡುವವರು ಅದನ್ನು ಷರತ್ತಾಗಿಯೇ ಹಾಕಲಿ. ಈಗಿರುವ ಕೇಂದ್ರಗಳಲ್ಲೊಂದರಲ್ಲಿ ನಾಕೌಟ್ ಕೋಶಗಳ ಸಂಗ್ರಹ, ಪರೀಕ್ಷೆ ಮಾಡುವ ಕಾಯಂ ಸಿಬ್ಬಂದಿ ಇರಲಿ. ಕಾಯಂ ಅನ್ನೋದನ್ನು ಒತ್ತಿ ಹೇಳುತ್ತೇನೆ. ಯಂತ್ರಕ್ಕೆ ಕೋಟಿ ಮಂಜೂರಾಗುತ್ತೆ, ಅದನ್ನು ನಡೆಸೋರು ಹನ್ನೊಂದು ತಿಂಗಳ ಗುತ್ತಿಗೆಯಲ್ಲಿದ್ದರೆ ಕಲಿತದ್ದೆಲ್ಲ ಅವರ ಜೊತೆಗೇ ಹೊರಟುಹೋಗುತ್ತೆ.

ಅಲ್ಲಿಯವರೆಗೆ, ಲ್ಯಾಬಿನಲ್ಲಿರುವ ಗೆಳೆಯರೇ, ನಿಮ್ಮ ಆ ‘ಬರಲ್ಲ’ ಡಬ್ಬಿಯನ್ನು ತೆಗೆಯಿರಿ. ಕ್ಯಾಟಲಾಗ್ ನಂಬರ್, ಲಾಟ್ ನಂಬರ್, ಯಾವ ಕೋಶ, ಎಷ್ಟು ಡೈಲ್ಯೂಷನ್ ಬರೆದು, ಬ್ಲಾಟಿನ ಪೂರ್ತಿ ಫೋಟೊ ಸಮೇತ, ಎಲ್ಲರೂ ನೋಡುವ ಕಡೆ ಹಾಕಿ. ಗೈಡ್‌ಗಳು ಮುಂದೆ ನಿಂತು ಇದಕ್ಕೆ ಒಪ್ಪಿಗೆ ಕೊಡಬೇಕು. ವಿದ್ಯಾರ್ಥಿಗಳ ತಲೆಗೆ ಮಾತ್ರ ಕಟ್ಟುವ ಕೆಲಸವಲ್ಲ ಇದು.