ಕೇಳಿದ್ದು ನಾಲ್ಕನೇ ಭಾಗ, ಕೊಟ್ಟಿದ್ದು ಕಿರೀಟ

ಕಿರೀಟ. ರೀ, ಕಿರೀಟ ಕೊಟ್ಟಿದ್ದಾರೆ! ರಾಜನ ತಲೆ ಮೇಲಿಡಲು ನಾನಾ ನಮೂನೆಯ ಕಿರೀಟ. ಜೊತೆಗೆ ಹುಲ್ಲುಗಾವಲಿನ ಖಾನರು, ಪಟ್ಟಾಭಿಷೇಕ, 2025ರ ಕೊನೆಗೆ ಚೀನಾ-ಜಪಾನ್. ಎಲ್ಲಾ 'ಕ್ರುಸೇಡರ್ ಕಿಂಗ್ಸ್' ಅನ್ನೋ ರಾಜಮನೆತನಗಳ ಕಂಪ್ಯೂಟರ್ ಆಟದ ಮೂರನೇ ಭಾಗಕ್ಕೇ. ಅದೇ 2020ರ ಸೆಪ್ಟೆಂಬರ್‌ನಲ್ಲಿ ಬಂದ ಆಟಕ್ಕೇ.

ಕ್ರುಸೇಡರ್ ಕಿಂಗ್ಸ್ 4 ಎಲ್ಲಿ ಸ್ವಾಮಿ?

ಮನೆಯಲ್ಲಿ ಆದ ಕಥೆ ಕೇಳಿ. ಆಟ ಮಾಡುವವರ ಘೋಷಣೆ ವಿಡಿಯೋದಲ್ಲಿ ಈ ಸಲ ಖಂಡಿತ ಹೊಸ ಭಾಗದ ಸುದ್ದಿ ಅಂತ ಮನೆಗೆಲ್ಲ ಸಾರಿಬಿಟ್ಟಿದ್ದೆ. ಲ್ಯಾಪ್‌ಟಾಪನ್ನು ಟಿವಿಗೆ ಹಾಕಿ, ಭಾವನನ್ನು ಎಳೆದು ಕೂರಿಸಿದೆ. ಅಮ್ಮ ಬಜ್ಜಿ ಕರಿದಿದ್ದರು. ವಿಡಿಯೋ ಓಡಿತು, ಖಾನರು ಬಂದರು, ಹೋದರು. ನಾನು "ಇರಿ ಭಾವ, ಮುಖ್ಯವಾದದ್ದನ್ನು ಕೊನೆಗೆ ಇಟ್ಟಿರ್ತಾರೆ" ಅಂದೆ. ಕಿರೀಟ ಬಂತು. "ಇರಿ, ಇನ್ನೂ ಇದೆ." ವಿಡಿಯೋ ಮುಗಿಯಿತು. ಮುಗಿದ ಮೇಲೂ ನಾನು ಪರದೆ ನೋಡುತ್ತಲೇ ಕೂತಿದ್ದೆ, ಅಷ್ಟರಲ್ಲಿ ಯಾವುದೋ ಅಡುಗೆ ವಿಡಿಯೋ ತಾನಾಗೇ ಶುರುವಾಯಿತು.

ಭಾವ ಕೊನೆಯ ಬಜ್ಜಿ ಎತ್ತಿಕೊಂಡು ಕೇಳಿದರು, "ಇದು ನಿನ್ನ ಹತ್ರ ಇರೋ ಆಟನೇ ಅಲ್ವೇನೋ?"

"ಹೌದು ಭಾವ, ಅದಕ್ಕೆ ಸೇರಿಸೋದು."

"ಮತ್ತೆ ಹೊಸದು?"

ನಾನು ಸುಮ್ಮನಿದ್ದೆ. ಆಗ ಅಮ್ಮ, "ಪಾಪ, ಬಿಡಿ ಅವನನ್ನ" ಅಂದರು. ಆ 'ಪಾಪ' ಇದೆಯಲ್ಲ, ಭಾವ ನಕ್ಕಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಅವರು ನಗಲೂ ಇಲ್ಲ! ಮೆಲ್ಲಗೆ ಬೆನ್ನು ತಟ್ಟಿ ಕೈ ತೊಳೆಯೋಕೆ ಹೋದರು.

ಸರಿ, ಬಂದರೂ ಏನು ಮಹಾ? ಎರಡನೇ ಭಾಗ 2012ರದ್ದು. ವರ್ಷಗಟ್ಟಲೆ ಒಂದೊಂದೇ ವಿಸ್ತರಣೆ (ದುಡ್ಡು ಕೊಟ್ಟು ಆಟಕ್ಕೆ ಸೇರಿಸಿಕೊಳ್ಳೋ ಹೆಚ್ಚುವರಿ ಭಾಗ) ಕೊಂಡು ಅದನ್ನು ತುಂಬಿಸಿಕೊಂಡೆವು. ವೆನಿಸ್‌ನ ವ್ಯಾಪಾರಿ ಮನೆತನವನ್ನು 2013ರಲ್ಲೇ ಆಡಬಹುದಿತ್ತು. ಮೂರನೆಯದು ಬಂದ ದಿನ ಅದೂ ಇಲ್ಲ, ಅಲೆಮಾರಿಗಳೂ ಇಲ್ಲ. ಬಿಟ್ಟಿದ್ದನ್ನೇ ಮತ್ತೆ ದುಡ್ಡು ಕೊಟ್ಟು ಕೊಳ್ಳೋದು. ನಾಲ್ಕನೆಯದೂ ಹಾಗೇ ಬರಿದಾಗಿ ಬರುತ್ತದೆ. ಬೇಡವೇ ಬೇಡ. ಇರೋದನ್ನೇ ನೆಟ್ಟಗೆ ಮಾಡಲಿ.

ಆದರೆ ನೆಟ್ಟಗೆ ಮಾಡುವುದೂ ಇಲ್ಲವಲ್ಲ! ಆಟವನ್ನು ಇಸವಿ 867ರಲ್ಲಿ ಶುರು ಮಾಡಿದರೆ ನಮ್ಮ ರಾಷ್ಟ್ರಕೂಟರಿದ್ದಾರೆ, 1066ರಲ್ಲಿ ಕಲ್ಯಾಣದ ಚಾಲುಕ್ಯರಿದ್ದಾರೆ, ಕನ್ನಡ ಅಂತ ಒಂದು ಸಂಸ್ಕೃತಿಯೇ ಇದೆ. ಮೊದಲ ಸಲ ಅದನ್ನು ನಕ್ಷೆಯಲ್ಲಿ ನೋಡಿದಾಗ ಎಷ್ಟು ಖುಷಿಪಟ್ಟಿದ್ದೆ. ಇಷ್ಟು ವರ್ಷವಾದರೂ ದಕ್ಷಿಣ ಭಾರತಕ್ಕೆ ಅಂತ ಒಂದು ವಿಸ್ತರಣೆ ಇಲ್ಲ. ವೈಕಿಂಗರಿಗೆ ಬಂತು, ಸ್ಪೇನಿಗೆ ಬಂತು, ಪರ್ಷಿಯಾಕ್ಕೆ ಬಂತು. ಅಣ್ಣನನ್ನು ಕೆಳಗಿಳಿಸಿ 1076ರಲ್ಲಿ ಪಟ್ಟಕ್ಕೇರಿದ ಆರನೇ ವಿಕ್ರಮಾದಿತ್ಯನ ಮನೆಜಗಳ ಇವರಿಗೆ ಸಾಲದೇ? ಈ ಆಟ ಇರೋದೇ ಮನೆಜಗಳಕ್ಕೆ ಅಲ್ವಾ?

ಇಷ್ಟೆಲ್ಲ ಬೈದವನು ರಾತ್ರಿ ಮಾಡಿದ್ದೇನು? ಅದೇ ಆಟ ತೆರೆದು ಚಾಲುಕ್ಯ ದೊರೆ ಸೋಮೇಶ್ವರನಾಗಿ ಕೂತೆ. ಅವನು ಸತ್ತ, ಮಕ್ಕಳಿಗೆ ರಾಜ್ಯ ಪಾಲಾಯಿತು, ಪಿತ್ರಾರ್ಜಿತ ಸೈಟಿನ ಪಾಲಿನಷ್ಟೇ ಗಲಾಟೆ. ತಮ್ಮನಿಗೆ ವಿಷ ಹಾಕಿಸೋ ಸಂಚು ಹೂಡುತ್ತಾ ಬೆಳಗಿನ ಜಾವ ಮಾಡಿದೆ. ದಖ್ಖನ್ನಿನ ಚಕ್ರವರ್ತಿ, ಮನೆಯಲ್ಲಿ ಟಿವಿ ರಿಮೋಟಿಗೂ ಗತಿಯಿಲ್ಲ.

ಮಾಡುವವರಿಗೆ ಒಂದು ಮಾತು ಹೇಳೋಕೆ ಏನು ಕಷ್ಟ? "ಮಾಡ್ತಿದ್ದೀವಿ" ಅನ್ನಿ, ಕಾಯುತ್ತೇವೆ. "ಇಲ್ಲ" ಅನ್ನಿ, ಅತ್ತು ಸುಮ್ಮನಾಗುತ್ತೇವೆ. ಬಾಯಿ ಬಿಡದಿದ್ದರೆ ಹೇಗೆ? ಎರಡಕ್ಕೂ ಮೂರಕ್ಕೂ ಮಧ್ಯೆ 8 ವರ್ಷ, ಹಾಗಾಗಿ ಮುಂದಿನದು 2028ಕ್ಕೆ ಅಂತ ಲೆಕ್ಕ ಹಾಕಿ ನನ್ನ ತಲೆಗೆ ಹುಳ ಬಿಟ್ಟವರು ಇಲ್ಲಿ ಯಾರಾದರೂ ಇದ್ದರೆ ಮುಂದೆ ಬನ್ನಿ. ಯಾವ ಆಧಾರದ ಮೇಲೆ ಹೇಳಿದಿರಿ? ಉತ್ತರ ಕೊಡಿ.